ಗುರುವಿನ ದಾರಿ, ಶಿಷ್ಯನ ಕಂಠ: ಸವಾಯಿ ಗಂಧರ್ವರ ಗಾಯಕಿಯನ್ನು ಕುರಿತು ಒಂದು ವಿವೇಚನೆ

೧

ಕಲಾವಿದನೊಬ್ಬನನ್ನು ಹೊಗಳಬೇಕಾದಾಗ ನಮ್ಮಲ್ಲಿ ಎರಡು ಬಗೆಯ ಮಾತುಗಳು ಬಳಕೆಯಲ್ಲಿವೆ. 'ಈತನು ತನ್ನ ಗುರುವಿನ ಪಡಿಯಚ್ಚು' ಎಂಬುದು ಒಂದು. 'ಈತನು ಗುರುವನ್ನೂ ಮೀರಿಸಿದವನು' ಎಂಬುದು ಇನ್ನೊಂದು. ಎರಡೂ ಪ್ರಶಂಸೆಯ ಮಾತುಗಳೇ ಆದರೂ ಅವು ಒಂದಕ್ಕೊಂದು ವಿರುದ್ಧವಾದುವು. ಪಡಿಯಚ್ಚಾದವನು ಮೀರಿದವನಲ್ಲ; ಮೀರಿದವನು ಪಡಿಯಚ್ಚಾಗಿ ಉಳಿಯಲಿಲ್ಲ. ಹೀಗಿದ್ದೂ ಒಬ್ಬನೇ ಕಲಾವಿದನ ವಿಷಯದಲ್ಲಿ ಈ ಎರಡು ಮಾತುಗಳನ್ನೂ ಒಂದೇ ಉಸಿರಿನಲ್ಲಿ ಆಡುವುದನ್ನು ನಾವು ಕೇಳುತ್ತೇವೆ. ಇದಕ್ಕೆ ಮಾತಿನ ಅಜಾಗರೂಕತೆಯೊಂದೇ ಕಾರಣವಲ್ಲ. ಗುರುವಿನಿಂದ ಶಿಷ್ಯನಿಗೆ ಸಲ್ಲುವ ವಸ್ತು ಯಾವುದು, ಸಲ್ಲದೆ ಗುರುವಿನಲ್ಲಿಯೇ ಉಳಿಯುವ ವಸ್ತು ಯಾವುದು ಎಂಬ ವಿಚಾರ ನಮ್ಮಲ್ಲಿ ಸ್ಪಷ್ಟವಾಗಿಲ್ಲದಿರುವುದೇ ಇದರ ಮೂಲ.

ಈ ವಿಚಾರವನ್ನು ತತ್ತ್ವದ ಮಟ್ಟದಲ್ಲಿ ಎಷ್ಟು ಚರ್ಚಿಸಿದರೂ ಫಲ ಸ್ವಲ್ಪ. ಒಂದು ನಿದರ್ಶನವನ್ನು ಹಿಡಿದು ಪರೀಕ್ಷಿಸುವುದು ಹೆಚ್ಚು ಪ್ರಯೋಜನಕರವಾದುದು. ಅಂತಹ ನಿದರ್ಶನಕ್ಕಾಗಿ ಧಾರವಾಡ ಸೀಮೆಯವರು ದೂರ ಹೋಗಬೇಕಾಗಿಲ್ಲ. ೧೮೮೬ರ ಜನವರಿ ೧೯ರಂದು ಅಮರಗೋಳದಲ್ಲಿ ಹುಟ್ಟಿ, ಕುಂದಗೋಳದಲ್ಲಿ ಬೆಳೆದು, ೧೯೫೨ರ ಸೆಪ್ಟೆಂಬರ್ ೧೨ರಂದು ಪುಣೆಯಲ್ಲಿ ತೀರಿಕೊಂಡ ರಾಮಚಂದ್ರ ಗಣೇಶ ಕುಂದಗೋಳಕರರು, ಎಂದರೆ ರಸಿಕ ಲೋಕವು ಸವಾಯಿ ಗಂಧರ್ವರೆಂದು ಕರೆದ ರಾಮಭಾವುಗಳು, ಈ ಪ್ರಶ್ನೆಗೆ ತಕ್ಕ ಪಾತ್ರರಾಗಿದ್ದಾರೆ. ಅವರ ಗುರುಗಳು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಮೊದಲಾದವರು. ನಡುವಿನ ಈ ಪುರುಷನು ಗುರುವಿನಿಂದ ಏನನ್ನು ಪಡೆದನು, ಏನನ್ನು ಬಿಟ್ಟನು, ಏನನ್ನು ಮುಂದಿನವರಿಗೆ ಕೊಟ್ಟನು ಎಂಬುದನ್ನು ಕಾಣುವುದು ಈ ಲೇಖನದ ಉದ್ದೇಶ.

'ಸವಾಯಿ' ಎಂದರೆ ಒಂದೂಕಾಲು. ಮರಾಠೀ ರಂಗಭೂಮಿಯಲ್ಲಿ ನಾರಾಯಣರಾವ್ ರಾಜಹಂಸರು (೧೮೮೮–೧೯೬೭) 'ಬಾಲಗಂಧರ್ವ'ರೆಂದು ಮೆರೆಯುತ್ತಿದ್ದ ಕಾಲದಲ್ಲಿ, ರಾಮಭಾವುಗಳ ರಂಗಗಾಯನವನ್ನು ಕೇಳಿದವರು ಇವರು ಗಂಧರ್ವರಿಗಿಂತ ಕಾಲುಪಾಲು ಹೆಚ್ಚೆಂಬ ಅಭಿಮಾನದಿಂದ ಈ ಬಿರುದನ್ನು ಕೊಟ್ಟರು. ಬಿರುದು ಹೋಲಿಕೆಯಿಂದ ಹುಟ್ಟಿದ್ದು. ಅದು ನಾಟಕರಂಗಕ್ಕೆ ಸಂಬಂಧಿಸಿದ್ದು. ಗುರುವಿನೊಡನೆ ಹೋಲಿಸಿ ಕೊಟ್ಟದ್ದಲ್ಲ. ಆದರೂ ಗುರುಶಿಷ್ಯರ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆಗೆ ಆ ಶಬ್ದವೇ ಒಂದು ರೂಪವನ್ನು ಒದಗಿಸುತ್ತದೆ: ಗುರುವಿನಿಂದ ಬಂದದ್ದು ಒಂದಾದರೆ, ಶಿಷ್ಯನು ಕೂಡಿಸಿದ ಆ ಕಾಲುಪಾಲು ಯಾವುದು? ಅದು ಎಲ್ಲಿಂದ ಬಂದಿತು?

೨

ಮೊದಲು ಗುರುವಿನ ಗಾಯಕಿಯ ಸ್ವರೂಪವನ್ನು ಅರಿಯಬೇಕು. ಅಬ್ದುಲ್ ಕರೀಂ ಖಾನರು ೧೮೭೨ರಲ್ಲಿ ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದರು. ಆ ಊರಿನ ಹೆಸರೇ ಘರಾಣೆಯ ಹೆಸರಾಗಿದೆ. ಗಾಯನದೊಡನೆ ಸಾರಂಗಿ, ಬೀನ್ ಮೊದಲಾದ ತಂತಿವಾದ್ಯಗಳ ಅಭ್ಯಾಸವಿದ್ದ ಮನೆತನ ಅವರದು. ಬಡೋದೆಯ ದರಬಾರಿನಲ್ಲಿ ಕೆಲಕಾಲವಿದ್ದು, ಬಳಿಕ ಮಿರಜೆಯನ್ನು ತಮ್ಮ ನೆಲೆಯಾಗಿ ಮಾಡಿಕೊಂಡರು. ೧೯೧೩ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಮೈಸೂರಿನ ಅರಮನೆಯಲ್ಲಿ ಹಾಡಿದರು. ದಕ್ಷಿಣದ ವಿದ್ವಾಂಸರ ಸಂಗೀತವನ್ನು ಆದರದಿಂದ ಕೇಳಿದರು. ೧೯೩೭ರ ಅಕ್ಟೋಬರ್ ತಿಂಗಳಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಪಯಣಿಸುತ್ತಿದ್ದಾಗ ದಾರಿಯ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲುನಿಲ್ದಾಣದಲ್ಲಿ ದೇಹವನ್ನು ಬಿಟ್ಟರು. ಅವರ ಸಮಾಧಿಯು ಮಿರಜೆಯ ಮೀರಾಸಾಹೇಬರ ದರ್ಗಾದ ಆವರಣದಲ್ಲಿದೆ.

ಖಾನಸಾಹೇಬರ ಗಾಯನದಲ್ಲಿ ಸ್ವರವೇ ಪ್ರಧಾನ. ರಾಗವನ್ನು ಅವರು ಒಂದೊಂದೇ ಸ್ವರವಾಗಿ ಬೆಳೆಸುತ್ತಾರೆ. ಷಡ್ಜದಲ್ಲಿ ನೆಲೆನಿಂತು, ಮಂದ್ರದ ನಿಷಾದ ಧೈವತಗಳನ್ನು ಸೋಂಕಿ, ಮತ್ತೆ ಷಡ್ಜಕ್ಕೆ ಬಂದು, ಮುಂದಿನ ಸ್ವರವು ತಾನಾಗಿಯೇ ಅರಳಿತೆಂಬಂತೆ ಅದನ್ನು ತೋರಿಸುತ್ತಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕಡಿವಿಲ್ಲ; ಮೀಂಡಿನ ಎಳೆ ಅಖಂಡವಾಗಿ ಸಾಗುತ್ತದೆ. ತಂಬೂರಿಯ ಶ್ರುತಿಯಲ್ಲಿ ಅವರಿಗಿದ್ದ ನಿಷ್ಠೆ ಪ್ರಸಿದ್ಧವಾದುದು. ದೇವಲ್ ಮತ್ತು ಕ್ಲೆಮೆಂಟ್ಸ್ ಎಂಬ ವಿದ್ವಾಂಸರು ಶ್ರುತಿಗಳ ಅಳತೆಯನ್ನು ನಿರ್ಧರಿಸಲು ಪ್ರಯತ್ನಿಸಿದಾಗ ಅವರಿಗೆ ಪ್ರಯೋಗಕ್ಕೆ ನೆರವಾದ ಕಂಠವು ಖಾನಸಾಹೇಬರದೇ. ಬಂದಿಶಿನ ಶಬ್ದಗಳಿಗೆ ಈ ಗಾಯಕಿಯಲ್ಲಿ ಗೌಣಸ್ಥಾನ. ಲಯದೊಡನೆ ಜಗಳವಾಡುವುದು, ತಬಲೆಯವನೊಡನೆ ಪಂದ್ಯ ಹೂಡುವುದು ಇದರ ಸ್ವಭಾವವಲ್ಲ. ಗ್ವಾಲಿಯರದವರು ಬಂದಿಶಿನ ಅಂಗಸೌಷ್ಠವವನ್ನೂ ಜಯಪುರದವರು ಲಯದ ಹೆಣಿಗೆಯನ್ನೂ ಮುಖ್ಯವೆಂದು ತಿಳಿದರೆ, ಕಿರಾಣೆಯವರು ಸ್ವರದ ವಿಶ್ರಾಂತಿಯನ್ನು ಮುಖ್ಯವೆಂದು ತಿಳಿದರು.

ಇಷ್ಟು ಪದ್ಧತಿಯ ಮಾತು. ಪದ್ಧತಿಯ ಜೊತೆಗೆ ಕಂಠವೊಂದಿದೆ. ಖಾನಸಾಹೇಬರ ಕಂಠ ತೆಳುವಾದುದು, ಎತ್ತರದ ಶ್ರುತಿಯದು, ತುಸು ಅನುನಾಸಿಕದ ಮಾಧುರ್ಯವುಳ್ಳದ್ದು. ಅದರಲ್ಲೊಂದು ಆರ್ತತೆಯಿದೆ. ಮೂರು ಮೂರೂವರೆ ನಿಮಿಷದ ಹಳೆಯ ಧ್ವನಿಮುದ್ರಿಕೆಗಳಲ್ಲಿ ಅವರ ಝಿಂಝೋಟಿಯನ್ನೂ ಭೈರವಿಯನ್ನೂ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ವಿಚಾರಮಾಡತಕ್ಕ ಅಂಶವೇನೆಂದರೆ: ಪದ್ಧತಿ ಮತ್ತು ಕಂಠ ಇವೆರಡೂ ಗುರುವಿನಲ್ಲಿ ಹಾಲುನೀರಿನಂತೆ ಬೆರೆತಿದ್ದುವು. ಕೇಳುವವನು ಇವುಗಳನ್ನು ಬೇರ್ಪಡಿಸಿ ಕೇಳಲಾರನು. ಎದುರಿಗೆ ಕುಳಿತು ಕಲಿಯುವ ಶಿಷ್ಯನಿಗಂತೂ ಅದು ಇನ್ನೂ ಕಷ್ಟ. ಗುರುವು ಹಾಡಿದ್ದನ್ನು ಹಾಡಿದ ಹಾಗೆಯೇ ಹಿಂದಿರುಗಿಸಬೇಕೆಂಬ ಶಿಕ್ಷಣಕ್ರಮದಲ್ಲಿ ಪದ್ಧತಿಯೊಡನೆ ಕಂಠದ ಚರ್ಯೆಗಳೂ ಬಂದುಬಿಡುತ್ತವೆ.

೩

ಕುಂದಗೋಳವು ಆ ಕಾಲದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಅಲ್ಲಿಯ ನಾಡಿಗೇರ ಮನೆತನದವರು ಸಂಗೀತಕ್ಕೆ ಆಶ್ರಯವಿತ್ತವರು. ಅಬ್ದುಲ್ ಕರೀಂ ಖಾನರು ಅವರ ವಾಡೆಗೆ ಬಂದು ಇಳಿದುಕೊಳ್ಳುತ್ತಿದ್ದರು. ಬಾಲಕ ರಾಮಭಾವು ಬಳವಂತರಾವ್ ಕೊಲ್ಹಟಕರರೆಂಬವರಲ್ಲಿ ಧ್ರುಪದ, ತರಾನಾ ಮೊದಲಾದ ಅನೇಕ ಚೀಜುಗಳನ್ನು ಕಲಿತಿದ್ದನು. ಅವರ ನಿಧನಾನಂತರ, ವಾಡೆಯಲ್ಲಿ ಕೇಳಿದ ಖಾನಸಾಹೇಬರ ಗಾಯನ ಅವನ ಮನಸ್ಸನ್ನು ಸೆರೆಹಿಡಿಯಿತು. ಶಿಷ್ಯವೃತ್ತಿಗೆ ಗುರುಗಳು ಎಂಟು ವರ್ಷಗಳ ಕಟ್ಟುಪಾಡನ್ನು ಹಾಕಿದರೆಂಬುದು ಪ್ರಚಲಿತವಾದ ಪ್ರತೀತಿ.

ಚಿಕ್ಕಂದಿನಲ್ಲಿ ರಾಮಭಾವುಗಳ ಕಂಠ ಇಂಪಾಗಿದ್ದಿತು. ಹರೆಯಕ್ಕೆ ಕಾಲಿಟ್ಟಾಗ ಅದು ಒಡೆದು ಒರಟಾಯಿತು. ಮುಂದೆ ಅವರು ಪ್ರಖ್ಯಾತರಾದ ಮೇಲೆಯೂ ಬೈಠಕಿನ ಆರಂಭದಲ್ಲಿ ಕಂಠವು ಕೂಡಲೆ ವಶವಾಗುತ್ತಿರಲಿಲ್ಲ. ಕೆಲಹೊತ್ತು ಹಾಡಿ ಅದನ್ನು ಕಾಯಿಸಿಕೊಂಡ ಮೇಲೆಯೇ ತಿಳಿಯಾಗುತ್ತಿತ್ತೆಂದು ಅವರನ್ನು ಕೇಳಿದವರು ಹೇಳಿದ್ದಾರೆ. ಇಂತಹ ಕಂಠದವನಿಗೆ ದೊರೆತ ಗುರುವಾದರೋ ನಾಡಿನಲ್ಲಿಯೇ ಅತ್ಯಂತ ನವುರಾದ ಕಂಠವುಳ್ಳವನು! ಈ ಸಂದರ್ಭದ ಕಠಿನತೆಯನ್ನು ನಾವು ಸರಿಯಾಗಿ ಗ್ರಹಿಸಬೇಕು. ಸ್ವರವನ್ನು ದೀರ್ಘವಾಗಿ ನಿಲ್ಲಿಸುವ ಗಾಯಕಿಯಲ್ಲಿ ಕಂಠದ ದೋಷಕ್ಕೆ ಮರೆಯಿಲ್ಲ. ಲಯದ ಓಟದಲ್ಲಿ, ಶಬ್ದಗಳ ಸಡಗರದಲ್ಲಿ ಒರಟುತನವು ಅಡಗಿಹೋಗಬಹುದು. ಬರಿಯ ಗಾಂಧಾರವೊಂದನ್ನು ತಂಬೂರಿಯ ಎದುರಿಗೆ ನಿಲ್ಲಿಸಿದಾಗ ಅದು ಎಲ್ಲಿಯೂ ಅಡಗಲಾರದು.

ಹೀಗಾಗಿ ಅನುಕರಣೆಯ ಮಾರ್ಗವು ರಾಮಭಾವುಗಳಿಗೆ ಮೊದಲಿನಿಂದಲೇ ಮುಚ್ಚಿಹೋಗಿತ್ತು. ಗುರುವಿನ ಮಾಧುರ್ಯವನ್ನು ಅವರು ಬಯಸಿದರೂ ತರುವಂತಿರಲಿಲ್ಲ. ಉಳಿದದ್ದು ಪದ್ಧತಿ. ಇಂಪಾದ ಕಂಠದ ಶಿಷ್ಯನಾಗಿದ್ದರೆ ಗುರುವಿನ ಚರ್ಯೆಗಳನ್ನು ಎತ್ತಿಕೊಂಡು ಬೇಗನೆ ಚಪ್ಪಾಳೆ ಪಡೆದು, ಪದ್ಧತಿಯ ಗೊಡವೆಗೆ ಹೋಗದೆಯೇ ಇರಬಹುದಾಗಿತ್ತು. ಇವರಿಗೆ ಆ ಸುಖವಿರಲಿಲ್ಲ. ಈ ರಾಗದಲ್ಲಿ ಈ ಸ್ವರ ಇಷ್ಟು ಹೊತ್ತು ಏಕೆ ನಿಲ್ಲಬೇಕು, ಮುಂದಿನ ಸ್ವರಕ್ಕೆ ಯಾವ ಗಳಿಗೆಯಲ್ಲಿ ಹೋಗಬೇಕು, ಹೋಗುವ ದಾರಿ ಯಾವುದು ಎಂಬುದನ್ನು ಇವರು ತಿಳಿದುಕೊಳ್ಳಲೇಬೇಕಾಯಿತು. ಗುರುವಿಗೆ ಸಹಜವಾಗಿದ್ದುದನ್ನು ಶಿಷ್ಯನು ಸಾಧನೆಯಿಂದ ಸಂಪಾದಿಸಬೇಕಾದಾಗ ಅದರ ಒಳಗಟ್ಟು ಅವನಿಗೆ ಗೋಚರವಾಗುತ್ತದೆ. ರಾಮಭಾವುಗಳು ಮುಂದೆ ಅಸಾಧಾರಣ ಶಿಕ್ಷಕರಾದುದಕ್ಕೆ ಇದೇ ಕಾರಣವಿರಬೇಕೆಂದು ನಮ್ಮ ಊಹೆ. ಕಷ್ಟಪಟ್ಟು ಕಲಿತವನಿಗೆ ಕಲಿಯುವ ದಾರಿಯ ಪ್ರತಿಯೊಂದು ಮೆಟ್ಟಿಲೂ ನೆನಪಿರುತ್ತದೆ.

೪

ತಾಲೀಮು ಮುಗಿದ ಬಳಿಕ ರಾಮಭಾವುಗಳು ನಾಟಕ ಮಂಡಳಿಯನ್ನು ಸೇರಿದರು. ಇದು ಗುರುಗಳಿಗೆ ಒಪ್ಪಿಗೆಯಾದ ಸಂಗತಿಯಲ್ಲ. ಬೈಠಕಿನ ಗಾಯಕನು ಬಣ್ಣ ಹಚ್ಚಿ ರಂಗದ ಮೇಲೆ ನಿಲ್ಲುವುದನ್ನು ಉಸ್ತಾದರ ಮನೆತನಗಳು ಕೀಳೆಂದು ಬಗೆಯುತ್ತಿದ್ದುವು. ಕಷ್ಟಪಟ್ಟು ಹದಗೊಳಿಸಿದ ಕಂಠವನ್ನು ನಾಟಕದ ಕೂಗಾಟ ಕೆಡಿಸೀತೆಂಬ ಭಯವೂ ಇದ್ದಿತು. ಭಯ ನಿರಾಧಾರವಾದುದೆಂದು ಹೇಳುವಂತಿಲ್ಲ. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ರಾತ್ರಿಯುದ್ದಕ್ಕೂ ಹಾಡಬೇಕಾಗುತ್ತಿತ್ತು. ಆದರೂ ರಾಮಭಾವುಗಳು ಹೋದರು. 'ಸೌಭದ್ರ'ದ ಸುಭದ್ರೆಯಂತಹ ಸ್ತ್ರೀಪಾತ್ರಗಳಲ್ಲಿ ಕೀರ್ತಿಯನ್ನು ಗಳಿಸಿದರು. ಕನ್ನಡ ಮನೆಮಾತಿನ ಗಾಯಕನು ಮರಾಠೀ ರಂಗಭೂಮಿಯಲ್ಲಿ ಇಂತಹ ಸ್ಥಾನವನ್ನು ಪಡೆದುದು ಸಾಮಾನ್ಯವಾದ ಮಾತಲ್ಲ.

ಇಲ್ಲಿ ನಮ್ಮ ಪ್ರಶ್ನೆ ತೀವ್ರವಾಗುತ್ತದೆ. ಗುರುವಿನ ಇಚ್ಛೆಗೆ ವಿರುದ್ಧವಾಗಿ ನಡೆದುದು ಗುರುದ್ರೋಹವೇ? ಅಥವಾ ಅದು ಶಿಷ್ಯನ ಬೆಳವಣಿಗೆಗೆ ಅವಶ್ಯಕವಾದ ನಡೆಯೇ? ನಡತೆಯ ದೃಷ್ಟಿಯಿಂದ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಗಾಯನದ ದೃಷ್ಟಿಯಿಂದ ನೋಡಿದರೆ, ರಂಗಭೂಮಿಯು ಅವರಿಗೆ ಮೂರು ಪಾಠಗಳನ್ನು ಕಲಿಸಿತೆನ್ನಬಹುದು. ರಂಗಗೀತೆಯಲ್ಲಿ ಶಬ್ದ ಕೇಳಲೇಬೇಕು, ಅರ್ಥ ತಿಳಿಯಲೇಬೇಕು. ಆದುದರಿಂದ ಕಿರಾಣೆಯಲ್ಲಿ ಗೌಣವಾಗಿದ್ದ ಶಬ್ದವು ಅವರ ಗಾಯನದಲ್ಲಿ ಸ್ಪಷ್ಟತೆಯನ್ನು ಪಡೆಯಿತು. ರಂಗದಲ್ಲಿ ಕಾಲ ಪರಿಮಿತವಾದುದು. ಸ್ವಲ್ಪದರಲ್ಲಿ ರಾಗದ ಮುಖವನ್ನು ತೋರಿಸಿ ಕೇಳುವವರ ಮನಸ್ಸನ್ನು ಹಿಡಿಯುವ ಚಾತುರ್ಯ ಬಂದಿತು. ಇನ್ನು ಸ್ತಬ್ಧವಾಗಿ ಆಲಿಸುವ ನಾಲ್ಕು ಜನ ರಸಿಕರಿಗೆ ಬದಲಾಗಿ ಸಾಮಾನ್ಯ ಜನರ ದೊಡ್ಡ ಸಭೆ ಎದುರಿಗಿರುವಾಗ ಲಯದ ಚಾಲನೆ ಬೇಕಾಗುತ್ತದೆ. ಗಮಕಯುಕ್ತವಾದ ರಭಸದ ತಾನುಗಳು ಬೇಕಾಗುತ್ತವೆ. ರಾಮಭಾವುಗಳ ತಾನುಗಳಲ್ಲಿ ಕಂಡುಬರುವ ಪೌರುಷವು ಗುರುವಿನಲ್ಲಿ ಆ ಪ್ರಮಾಣದಲ್ಲಿ ಕಂಡುಬರುವುದಿಲ್ಲ. ವಿಚಿತ್ರವೆಂದರೆ, ಸ್ತ್ರೀಪಾತ್ರಗಳನ್ನು ಧರಿಸಿದ ಗಾಯಕನಿಂದಲೇ ಕಿರಾಣೆಯ ಗಾಯನಕ್ಕೆ ಈ ಬಲ ಬಂದಿತು.

ಈ ಮೂರೂ ಅಂಶಗಳಿಗೆ ಅವರ ಕಂಠದೊಡನೆ ಇರುವ ಸಂಬಂಧವನ್ನು ಗಮನಿಸಬೇಕು. ಒರಟಾದ ಕಂಠವು ನಿಂತ ಸ್ವರದಲ್ಲಿ ಸೋಲಬಹುದು; ಆದರೆ ಗಮಕದ ತಾನಿಗೆ ಅದೇ ಕಂಠ ತಕ್ಕ ಸಾಮಗ್ರಿ. ಯಾವುದು ಗುರುವಿನ ದಾರಿಯಲ್ಲಿ ಅಡ್ಡಿಯಾಗಿದ್ದಿತೋ ಅದು ತನ್ನ ದಾರಿಯಲ್ಲಿ ಸಾಧನವಾಯಿತು. ಆದರೆ ಅವರು ನಿಂತ ಸ್ವರವನ್ನು ಬಿಟ್ಟುಕೊಡಲಿಲ್ಲವೆಂಬುದೂ ಅಷ್ಟೇ ಮುಖ್ಯ. ವಿಲಂಬಿತದ ಆಲಾಪದಲ್ಲಿ ಕಿರಾಣೆಯ ಕ್ರಮವೇ ಕಡೆಯವರೆಗೂ ಅವರ ಗಾಯನದ ಬೆನ್ನೆಲುಬಾಗಿ ಉಳಿಯಿತು. ಗುರುಗಳ ಮನೆಯನ್ನು ಕೆಡವಿ ಬೇರೆ ಮನೆಯನ್ನು ಕಟ್ಟಲಿಲ್ಲ. ಅದೇ ಅಡಿಪಾಯದ ಮೇಲೆ ತಮ್ಮ ಅಳತೆಗೆ ತಕ್ಕ ಅಂಕಣವನ್ನು ಕೂಡಿಸಿದರು. ನಾವು ಹುಡುಕಿದ ಕಾಲುಪಾಲು ಇದೇ.

ಈ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಗುರುವೆನಿಸಿದ ಅಬ್ದುಲ್ ಕರೀಂ ಖಾನರೂ ಮನೆಯಿಂದ ಬಂದುದನ್ನು ಹಾಗೆಯೇ ಕಾಪಾಡಿಕೊಂಡವರಲ್ಲ. ಗ್ವಾಲಿಯರ ಘರಾಣೆಯ ರಹಿಮತ್ ಖಾನರ ಗಾಯನವು ಅವರ ಮೇಲೆ ಗಾಢವಾದ ಪರಿಣಾಮವನ್ನು ಮಾಡಿತ್ತು. ದಕ್ಷಿಣದಲ್ಲಿ ಸಂಚರಿಸಿದಾಗ ಕರ್ನಾಟಕ ಸಂಗೀತದ ಸ್ವರಕಲ್ಪನೆಯಿಂದ ಪ್ರೇರಿತರಾಗಿ ಖಯಾಲಿನಲ್ಲಿ ಸರಗಮ್ಮಿಗೆ ಸ್ಥಾನವನ್ನು ಕೊಟ್ಟರು. ತ್ಯಾಗರಾಜರ ಕೃತಿಯನ್ನೂ ಹಾಡಿ ಧ್ವನಿಮುದ್ರಿಸಿದರು. ಇಂದು ನಾವು ಕಿರಾಣಾ ಸಂಪ್ರದಾಯವೆಂದು ಗೌರವಿಸುವ ಗಾಯನದಲ್ಲಿ ಹೀಗೆ ಹೊರಗಿನಿಂದ ಬಂದ ಭಾಗವು ಸಣ್ಣದಲ್ಲ. ಸಂಪ್ರದಾಯವೆಂಬುದು ಒಂದು ತಲೆಮಾರಿನ ಸ್ವಾತಂತ್ರ್ಯವು ಮುಂದಿನ ತಲೆಮಾರಿಗೆ ನಿಯಮವಾಗಿ ದೊರೆತ ರೂಪವೆಂದರೆ ತಪ್ಪಾಗಲಾರದು.

೫

ಶಿಷ್ಯನು ಗುರುವಿನಿಂದ ನಿಜವಾಗಿ ಪಡೆದುದು ಯಾವುದೆಂಬುದಕ್ಕೆ ಅತ್ಯುತ್ತಮ ಸಾಕ್ಷಿಯು ಅವನು ತನ್ನ ಶಿಷ್ಯರಿಗೆ ಕೊಟ್ಟುದರಲ್ಲಿ ದೊರೆಯುತ್ತದೆ. ತನಗೆ ಮುಖ್ಯವೆಂದು ತೋರಿದ್ದನ್ನೇ ಅವನು ಮುಂದಕ್ಕೆ ಸಾಗಿಸುತ್ತಾನೆ.

ಮನೆಯನ್ನು ಬಿಟ್ಟು ಗುರುವಿಗಾಗಿ ಉತ್ತರದ ಊರೂರು ಅಲೆದ ಗದಗಿನ ಹುಡುಗ ಭೀಮಸೇನನು ೧೯೩೬ರಲ್ಲಿ ಕುಂದಗೋಳಕ್ಕೆ ಬಂದನು. ಆ ಹುಡುಗನನ್ನು ಮನೆಯಿಂದ ಹೊರಡಿಸಿದ ಕಾರಣಗಳಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಧ್ವನಿಮುದ್ರಿಕೆಯೂ ಒಂದು ಎಂಬುದು ಇಲ್ಲಿ ಸ್ಮರಣೀಯ. ಗುರುಗೃಹದಲ್ಲಿ ನೀರು ಹೊರುವುದು ಮೊದಲಾದ ಸೇವೆಯೊಡನೆ ಸುಮಾರು ನಾಲ್ಕು ವರ್ಷಗಳ ತಾಲೀಮು ನಡೆಯಿತು. ಆ ಶಿಕ್ಷಣದಲ್ಲಿ ತೋಡಿ, ಮುಲತಾನಿ, ಪೂರಿಯಾ ಈ ಮೂರು ರಾಗಗಳೇ ಪ್ರಧಾನವಾಗಿದ್ದುವು. ನಾಲ್ಕು ವರ್ಷಗಳಿಗೆ ಮೂರು ರಾಗಗಳೇ ಎಂದು ಇಂದಿನ ವಿದ್ಯಾರ್ಥಿ ಬೆರಗಾಗಬಹುದು. ಆದರೆ ಈ ಆಯ್ಕೆಯನ್ನು ಸ್ವಲ್ಪ ಪರೀಕ್ಷಿಸಿದರೆ ಗುರುವಿನ ದೃಷ್ಟಿ ತಿಳಿಯುತ್ತದೆ.

ತೋಡಿಗೂ ಮುಲತಾನಿಗೂ ಸ್ವರಗಳು ಒಂದೇ: ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಪಂಚಮ, ಕೋಮಲ ಧೈವತ, ಶುದ್ಧ ನಿಷಾದ. ಕರ್ನಾಟಕ ಪದ್ಧತಿಯವರು ಇದನ್ನು ಶುಭಪಂತುವರಾಳಿಯ ಮೇಳವೆಂದು ಗುರುತಿಸುತ್ತಾರೆ. ಸ್ವರಗಳ ಪಟ್ಟಿ ಒಂದೇ ಆದರೂ ರಾಗಗಳು ಎರಡು. ತೋಡಿಯಲ್ಲಿ ರಿಷಭ ಧೈವತಗಳು ಜೀವಾಳ. ಗಾಂಧಾರವು ಅತಿಕೋಮಲವಾಗಿ ರಿಷಭದ ಕಡೆಗೆ ವಾಲುತ್ತದೆ. ಮುಲತಾನಿಯ ಆರೋಹದಲ್ಲಿ ರಿಷಭ ಧೈವತಗಳೇ ಇಲ್ಲ. ಗಾಂಧಾರವು ಮೇಲಿನ ಮಧ್ಯಮದ ಸೋಂಕಿನಿಂದ ತೂಗುತ್ತದೆ. ಪಂಚಮ ನಿಷಾದಗಳು ವಿಶ್ರಾಂತಿಸ್ಥಾನಗಳು. ಒಂದು ಬೆಳಗಿನ ರಾಗ, ಇನ್ನೊಂದು ಹಗಲು ಇಳಿಯುವಾಗಿನದು. ಪೂರಿಯಾ ಸಂಜೆಯ ರಾಗ. ಅದರಲ್ಲಿ ಕೋಮಲ ರಿಷಭ ತೀವ್ರ ಮಧ್ಯಮಗಳು ಉಳಿದರೂ ಗಾಂಧಾರ ಧೈವತಗಳು ಶುದ್ಧವಾಗುತ್ತವೆ, ಪಂಚಮವು ಮಾಯವಾಗುತ್ತದೆ. ಪಂಚಮದ ಆಸರೆಯಿಲ್ಲದೆ, ಮಂದ್ರದ ನಿಷಾದ ಮತ್ತು ಮಧ್ಯದ ಗಾಂಧಾರಗಳ ನಡುವೆ ರಾಗವನ್ನು ನಿಲ್ಲಿಸಬೇಕು. ಈ ಮೂರು ರಾಗಗಳನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಸಾಧಿಸಿದ ವಿದ್ಯಾರ್ಥಿಗೆ ರಾಗವೆಂದರೆ ಸ್ವರಗಳ ಪಟ್ಟಿಯಲ್ಲವೆಂಬುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಅದೇ ಗಾಂಧಾರವು ನೆರೆಯ ಸ್ವರದ ಸಹವಾಸದಿಂದ ಬೇರೊಂದು ಗಾಂಧಾರವಾಗುವುದನ್ನು ಅವನ ಕಿವಿ ಕಂಡುಕೊಂಡಿರುತ್ತದೆ. ಕಿವಿಗೆ ಈ ವಿವೇಕ ಬಂದ ಮೇಲೆ ಉಳಿದ ರಾಗಗಳನ್ನು ಅವನು ತಾನೇ ಬೆಳೆಸಬಲ್ಲನು.

ಅದೇ ಕಾಲದಲ್ಲಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಕಲಿತು, ರಾತ್ರಿ ಮರಳಿ ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್ (೧೯೧೩–೨೦೦೯). ಕರ್ನಾಟಕ ಸಂಗೀತವನ್ನು ಬಲ್ಲ ತಾಯಿ ಅಂಬಾಬಾಯಿಯವರ ಮಗಳು. ಕೃಷ್ಣಾಚಾರ್ಯ ಹುಲಗೂರರಲ್ಲಿ ಅನೇಕ ಚೀಜುಗಳನ್ನು ಕಲಿತಿದ್ದವರು. ಸುಮಾರು ಮೂರು ವರ್ಷ ನಡೆದ ಈ ನಿಯತವಾದ ತಾಲೀಮಿನಲ್ಲಿ ಗುರುಗಳು ಒಂದು ಸಣ್ಣ ಸ್ವರಸಮುದಾಯವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಅದು ತಮಗೆ ಒಪ್ಪಿಗೆಯಾಗುವವರೆಗೆ ಮುಂದಿನದಕ್ಕೆ ಹೋಗಗೊಡುತ್ತಿರಲಿಲ್ಲ. ೧೯೪೦ರ ದಶಕದ ಆರಂಭದಲ್ಲಿ ಗುರುಗಳಿಗೆ ಪಾರ್ಶ್ವವಾಯು ತಗುಲಿದುದರಿಂದ ಈ ಶಿಕ್ಷಣಕ್ರಮಕ್ಕೆ ತಡೆಯುಂಟಾಯಿತು.

ಗಂಗೂಬಾಯಿಯವರ ಮೊದಲ ಧ್ವನಿಮುದ್ರಿಕೆಗಳಲ್ಲಿ ತೆಳುವಾದ ಎತ್ತರದ ಕಂಠವಿದೆ. ಮುಂದೆ ಗಂಟಲಿನ ವ್ಯಾಧಿ ಮತ್ತು ಚಿಕಿತ್ಸೆಯ ಬಳಿಕ ಅವರ ಕಂಠವು ಗಂಡುಧ್ವನಿಯಷ್ಟು ಗಂಭೀರವಾಯಿತು. ಗುರುವಿಗೆ ಹರೆಯದಲ್ಲಿ ಒದಗಿದ ಪರೀಕ್ಷೆಯೇ ಶಿಷ್ಯೆಗೆ ಬೇರೊಂದು ಬಗೆಯಲ್ಲಿ ಒದಗಿತು. ಕಳೆದುಹೋದ ಕಂಠವನ್ನು ಅವರು ಬೆನ್ನಟ್ಟಲಿಲ್ಲ. ಬಂದ ಕಂಠಕ್ಕೆ ತಕ್ಕ ಗಾಯನವನ್ನು ರೂಪಿಸಿಕೊಂಡರು: ಮಂದ್ರದ ಗಾಂಭೀರ್ಯ, ಅವಸರವಿಲ್ಲದ ಬೆಳವಣಿಗೆ, ಅಲಂಕಾರದಲ್ಲಿ ಮಿತವ್ಯಯ. ಗುರುಗಳು ಠುಮರಿ, ನಾಟ್ಯಗೀತಗಳನ್ನು ಹಾಡಿದವರಾದರೂ ಗಂಗೂಬಾಯಿಯವರು ಮುಂದಿನ ವರ್ಷಗಳಲ್ಲಿ ಖಯಾಲನ್ನಷ್ಟೇ ನೆಚ್ಚಿಕೊಂಡರು. ರಂಗಭೂಮಿಯಿಂದ ಗುರುಗಳು ತಂದ ಭಾಗವನ್ನು ಅವರು ಬದಿಗಿಟ್ಟರೆಂದೂ, ಅದರ ಹಿಂದಿನ ಸ್ವರನಿಷ್ಠೆಯನ್ನು ಗಟ್ಟಿಯಾಗಿ ಹಿಡಿದರೆಂದೂ ಹೇಳಬಹುದು.

ಭೀಮಸೇನ ಜೋಶಿಯವರದು (೧೯೨೨–೨೦೧೧) ಇದಕ್ಕೆ ಬೇರೆಯಾದ ದಾರಿ. ಗುರುವಿನ ಗಾಯನದಲ್ಲಿದ್ದ ತಾನಿನ ಬಲವನ್ನು ಅವರು ಹಲವು ಮಡಿ ಬೆಳೆಸಿದರು. ಕೇಸರಬಾಯಿ ಕೇರಕರ್, ಅಮೀರ್ ಖಾನ್ ಮೊದಲಾದ ಅನ್ಯ ಗಾಯಕರಿಂದ ತಮಗೆ ಬೇಕಾದುದನ್ನು ಸಂಕೋಚವಿಲ್ಲದೆ ತೆಗೆದುಕೊಂಡರು. ಪುರಂದರದಾಸರ ಪದಗಳನ್ನೂ ಮರಾಠೀ ಸಂತರ ಅಭಂಗಗಳನ್ನೂ ಹಾಡಿ ಖಯಾಲನ್ನು ಕೇಳದ ಜನರವರೆಗೂ ತಲುಪಿದರು. ಗುರುವು ನಾಟಕದ ಮೂಲಕ ಸಾಧಿಸಿದ್ದನ್ನು ಶಿಷ್ಯನು ಈ ವಾಣಿಗಳ ಮೂಲಕ ಸಾಧಿಸಿದನು. ಇಷ್ಟೆಲ್ಲ ಸೇರಿದ ಮೇಲೆಯೂ ಅವರು ವಿಲಂಬಿತದಲ್ಲಿ ಷಡ್ಜವನ್ನು ಹಚ್ಚಿ ಕುಳಿತರೆಂದರೆ ಕುಂದಗೋಳದ ಪಾಠವು ಕೇಳಿಸುತ್ತಿತ್ತು. ಫಿರೋಜ್ ದಸ್ತೂರರಾದರೋ (೧೯೧೯–೨೦೦೮) ಸವಾಯಿ ಗಂಧರ್ವರಲ್ಲಿ ಕಲಿತೂ ಅವರ ಗುರುಗಳಾದ ಖಾನಸಾಹೇಬರ ನವುರಾದ ಶೈಲಿಗೆ ಹೆಚ್ಚು ಸಮೀಪವಾಗಿ ನಿಂತರು. ಅವರ ಕಂಠ ಅದಕ್ಕೆ ಅನುಕೂಲವಾಗಿತ್ತು. ಗುರುವು ಅದನ್ನು ತಡೆಯಲಿಲ್ಲ.

ಒಬ್ಬನೇ ಗುರುವಿನ ಈ ಮೂವರು ಶಿಷ್ಯರನ್ನು ಒಂದರ ಹಿಂದೊಂದಾಗಿ ಕೇಳಿದವನು ಅವರು ಒಂದೇ ಮನೆಯವರೆಂದು ಮೊದಲ ಕ್ಷಣದಲ್ಲಿ ನಂಬಲಾರನು. ಅರ್ಧ ಗಂಟೆ ಕೇಳಿದ ಮೇಲೆ ನಂಬದಿರಲಾರನು. ಕಂಠ ಬೇರೆ, ಗತಿ ಬೇರೆ, ಅಭಿರುಚಿ ಬೇರೆ. ರಾಗವನ್ನು ಸ್ವರಸ್ವರವಾಗಿ ಬಿಡಿಸುವ ಕ್ರಮ ಮಾತ್ರ ಒಂದೇ. ಶಿಷ್ಯರನ್ನು ತನ್ನ ಪಡಿಯಚ್ಚಾಗಿಸುವ ಗುರುವಿನಿಂದ ಇಂತಹ ವೈವಿಧ್ಯವು ಸಾಧ್ಯವಾಗುತ್ತಿರಲಿಲ್ಲ. ತನ್ನ ಗುರುವಿನ ಪಡಿಯಚ್ಚಾಗಲು ಸಾಧ್ಯವಾಗದೆ ಹೋದವನು ಮಾತ್ರ ಹೀಗೆ ಕಲಿಸಬಲ್ಲನು.

೬

ನಮ್ಮ ವಿವೇಚನೆಗೆ ಒಂದು ಆಕ್ಷೇಪವನ್ನು ಎತ್ತಬಹುದು. 'ಮೀರುವುದು' ಎಂಬ ಶಬ್ದವು ಏರಿಕೆಯನ್ನು ಸೂಚಿಸುತ್ತದೆ. ರಾಮಭಾವುಗಳು ಖಾನಸಾಹೇಬರಿಗಿಂತ ಮೇಲೇರಿದರೇ? ನವುರುತನದಲ್ಲಿ, ಶ್ರುತಿಯ ಸೂಕ್ಷ್ಮತೆಯಲ್ಲಿ, ಆರ್ತಭಾವದಲ್ಲಿ ಗುರುವಿನ ಸ್ಥಾನ ಗುರುವಿಗೇ ಸಲ್ಲತಕ್ಕದ್ದು. ಇಬ್ಬರ ಭೈರವಿಯ ಮುದ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಶಿಷ್ಯನು ಹೊಸದನ್ನು ಗಳಿಸುವಾಗ ಹಳೆಯದರಲ್ಲಿ ಸ್ವಲ್ಪವನ್ನು ಕಳೆದುಕೊಂಡನು. ಈ ನಷ್ಟವನ್ನು ಮುಚ್ಚಿಡುವುದು ಪ್ರಾಮಾಣಿಕ ವಿಮರ್ಶೆಯಲ್ಲ. ಆದುದರಿಂದ ಕಲೆಯಲ್ಲಿ ಮೀರುವುದೆಂದರೆ ಗುರುವಿನ ತಲೆಯ ಮೇಲೆ ಹತ್ತಿ ನಿಲ್ಲುವುದೆಂದು ತಿಳಿಯಬಾರದು. ಗುರುವಿನ ಪ್ರಭಾವವು ತನ್ನ ಗಾಯನವನ್ನು ನಡೆಸುವ ಸ್ಥಿತಿಯಿಂದ, ತನ್ನ ಗಾಯನದೊಳಗೆ ಕರಗಿ ನಿಲ್ಲುವ ಸ್ಥಿತಿಗೆ ಬರುವುದು ಎಂಬಷ್ಟೇ ಅರ್ಥವನ್ನು ಅದಕ್ಕೆ ಕೊಡುವುದು ಯುಕ್ತ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಸ್ವಂತಿಕೆಯ ಹೆಸರಿನಲ್ಲಿ ತಾಲೀಮನ್ನು ಅರ್ಧಕ್ಕೆ ಬಿಡುವವನು ಈ ನಿದರ್ಶನವನ್ನು ತನ್ನ ಸಮರ್ಥನೆಗೆ ಬಳಸಿಕೊಳ್ಳಬಾರದು. ರಾಮಭಾವುಗಳು ಗುರುವಿನ ದಾರಿಯಿಂದ ಸರಿದದ್ದು ವರ್ಷಾನುವರ್ಷ ಆ ದಾರಿಯಲ್ಲಿ ನಡೆದ ಮೇಲೆ. ಎಳೆಯ ವಯಸ್ಸಿನಲ್ಲಿಯೇ ಪ್ರಸಿದ್ಧ ಗಾಯಕರ ಧ್ವನಿಮುದ್ರಿಕೆಗಳನ್ನು ಯಥಾವತ್ತಾಗಿ ಹಾಡಿ ಬೆರಗುಗೊಳಿಸುತ್ತಿದ್ದ ಸೂಳೇಬಾವಿಯ ಬಾಲಕ ಕುಮಾರ ಗಂಧರ್ವರು (೧೯೨೪–೧೯೯೨) ಕೂಡ ಬಿ. ಆರ್. ದೇವಧರರಲ್ಲಿ ಶಿಸ್ತಿನಿಂದ ಕಲಿತ ಬಳಿಕವೇ, ಅನಾರೋಗ್ಯದ ದೀರ್ಘ ಮೌನವನ್ನು ದಾಟಿ, ತಮ್ಮದೇ ಆದ ಗಾಯನವನ್ನು ಕಂಡುಕೊಂಡರು. ಇಬ್ಬರ ಬದುಕಿನಲ್ಲಿಯೂ ದೇಹದ ಒಂದು ಕೊರತೆ ಅನುಕರಣೆಯ ಬಾಗಿಲನ್ನು ಮುಚ್ಚಿತು. ಇಬ್ಬರಲ್ಲಿಯೂ ಅಷ್ಟು ಹೊತ್ತಿಗಾಗಲೇ ತಾಲೀಮಿನ ಬಂಡವಾಳವಿದ್ದುದರಿಂದ ಬೇರೆ ಬಾಗಿಲನ್ನು ತೆರೆಯುವುದು ಸಾಧ್ಯವಾಯಿತು. ಬಂಡವಾಳವಿಲ್ಲದವನಿಗೆ ಕೊರತೆಯು ಕೊರತೆಯಾಗಿಯೇ ಉಳಿಯುತ್ತದೆ.

ಕಾಲೇಜುಗಳಲ್ಲಿ ಸಂಗೀತವನ್ನು, ಅಷ್ಟೇ ಏಕೆ, ಯಾವುದೇ ಕಲೆಯನ್ನಾಗಲಿ ಸಾಹಿತ್ಯವನ್ನಾಗಲಿ ಬೋಧಿಸುವವರಿಗೆ ಇದರಿಂದ ದೊರೆಯುವ ಸೂಚನೆ ಸಣ್ಣದಾದರೂ ಉಪೇಕ್ಷಿಸತಕ್ಕದ್ದಲ್ಲ. ನಮ್ಮ ಪಠ್ಯಕ್ರಮಗಳು ವರ್ಷಕ್ಕೆ ಇಂತಿಷ್ಟು ರಾಗಗಳೆಂದು ಎಣಿಕೆಯಿಂದ ನಡೆಯುತ್ತವೆ. ಕುಂದಗೋಳದ ಮನೆಯಲ್ಲಿ ಮೂರು ರಾಗಗಳಿಂದ ನಾಲ್ಕು ವರ್ಷ ನಡೆದ ಪಾಠವನ್ನು ಪರೀಕ್ಷೆಯ ಚೌಕಟ್ಟಿನಲ್ಲಿ ಹಾಗೆಯೇ ಅನುಸರಿಸುವುದು ಸಾಧ್ಯವಾಗದು. ಆದರೆ ಅನೇಕ ವಸ್ತುಗಳ ಪರಿಚಯದ ನಡುವೆ ಒಂದನ್ನಾದರೂ ಅದರ ಒಳಗಟ್ಟಿನವರೆಗೆ ಕಲಿಸುವುದು ಸಾಧ್ಯ. ವಿದ್ಯಾರ್ಥಿಯು ನಮ್ಮ ಹಾಗೆ ಹಾಡಿದಾಗ, ನಮ್ಮ ಹಾಗೆ ಬರೆದಾಗ ನಮಗಾಗುವ ಸಂತೋಷವನ್ನು ಸ್ವಲ್ಪ ಸಂಶಯದಿಂದ ನೋಡುವುದೂ ಸಾಧ್ಯ. ಅವನ ಕಂಠದಲ್ಲಿ ನಮ್ಮ ರೀತಿಗೆ ಒಗ್ಗದ ಒರಟು ಅಂಶವೊಂದು ಕಂಡುಬಂದರೆ, ಅದನ್ನು ತೊಡೆದುಹಾಕುವ ಮೊದಲು ಅದು ಅವನ ಕಾಲುಪಾಲಿನ ಬೀಜವಾಗಿರಬಹುದೇ ಎಂದು ಯೋಚಿಸುವುದು ನಮ್ಮ ಕರ್ತವ್ಯ.

ಸವಾಯಿ ಗಂಧರ್ವರು ತೀರಿಕೊಂಡ ಮರುವರ್ಷ ೧೯೫೩ರಲ್ಲಿ ಪುಣೆಯಲ್ಲಿ ಆರಂಭವಾದ ಪುಣ್ಯತಿಥಿಯ ಸಂಗೀತೋತ್ಸವವನ್ನು ಭೀಮಸೇನ ಜೋಶಿಯವರು ದಶಕಗಳ ಕಾಲ ಮುಂದೆ ನಿಂತು ನಡೆಸಿದರು. ಅಲ್ಲಿ ಕಿರಾಣೆಯವರಷ್ಟೇ ಅಲ್ಲದೆ ಎಲ್ಲ ಘರಾಣೆಗಳ ಕಲಾವಿದರೂ ಹಾಡಿದ್ದಾರೆ, ನುಡಿಸಿದ್ದಾರೆ. ಕುಂದ�ಗೋಳದ ನಾಡಿಗೇರ ವಾಡೆಯಲ್ಲಿಯೂ ಅವರ ಸ್ಮರಣೆಯ ಸಂಗೀತ ನಡೆದುಬಂದಿದೆ. ಗುರುವಿನ ನೆನಪಿನಲ್ಲಿ ಬೇರೆ ಬೇರೆ ಕಂಠಗಳು ತಮ್ಮ ತಮ್ಮ ರೀತಿಯಲ್ಲಿ ಹಾಡುವುದಕ್ಕೆ ಎಡೆಮಾಡಿಕೊಟ್ಟುದು, ಅಮರಗೋಳದಲ್ಲಿ ಹುಟ್ಟಿದ ಆ ಗಾಯಕನು ತನ್ನ ಶಿಷ್ಯರಿಗೆ ಕಲಿಸಿದ ಪಾಠಕ್ಕೆ ಅನುಗುಣವಾದ ಗುರುದಕ್ಷಿಣೆಯೇ ಸರಿ.